ಸರ್ವರ್ ಅಪ್‌ಗ್ರೇಡ್: ಮೊದಲು ನಕಲಿನಲ್ಲಿ ಪರೀಕ್ಷೆ, ಆಮೇಲೆ ಅಸಲಿಗೆ

ದೊಡ್ಡಬಳ್ಳಾಪುರ: ‘ಸರ್ವರ್ ಡೌನ್’ ಅಂದ್ರೆ ಸಾಕು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದವರ ಒಂದು ದಿನದ ಕೆಲಸ ಹಾಳು. ಅದಕ್ಕೇ ಹೊಸ ವ್ಯವಸ್ಥೆಯನ್ನು ಒಮ್ಮೆಲೇ ಎಲ್ಲೆಡೆ ತರುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ 2023ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದು ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ. ಆಮೇಲೆ ರಾಜ್ಯದ ಉಳಿದ ಕಚೇರಿಗಳಿಗೆ ಬಂತು.

ಅಂಗಡಿಯ ಬಿಲ್ಲಿಂಗ್ ಸರ್ವರ್‌ಗೂ ಇದೇ ದಾರಿ. ಪೂರ್ತಿ ಬ್ಯಾಕಪ್ ತೆಗೆದು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ. ಬ್ಯಾಕಪ್ ತೆರೆಯುತ್ತೋ ಇಲ್ಲವೋ ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ಅಪ್‌ಗ್ರೇಡ್ ಮೊದಲು ಅದರಲ್ಲೇ ಮಾಡಿ. ಹಳೇ ಬಾಕಿ, ಸ್ಟಾಕ್, ಜಿಎಸ್‌ಟಿ ಲೆಕ್ಕ ತಾಳೆಯಾಗಬೇಕು, ಪ್ರಿಂಟರ್‌ನಲ್ಲಿ ಬಿಲ್ ಬರಬೇಕು. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ.

ಎಲ್ಲ ಸರಿಯಿದ್ದರೆ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮತ್ತೊಮ್ಮೆ ಬ್ಯಾಕಪ್ ತೆಗೆದು ಅಸಲಿ ಸರ್ವರ್‌ಗೆ ಕೈಹಾಕಿ. ಕೈಕೊಟ್ಟರೂ ಬೆಳಗ್ಗೆ ವ್ಯಾಪಾರದ ಹೊತ್ತಿಗೆ ಹಳೇದಕ್ಕೆ ವಾಪಸ್ ಬರಬಹುದು.