ನೀರಿದ್ದವನದೇ ಸೀಮೆ

ಒರೆಗಾನ್ ಅಂದರೆ ಜಡಿಮಳೆ, ದಟ್ಟ ಕಾಡು, ಪೆಸಿಫಿಕ್ ಕಡಲು ಎಂದುಕೊಂಡು ಹೋದವರು ಆ ರಾಜ್ಯದ ಆಗ್ನೇಯ ಮೂಲೆಯಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ. ಕಡಲಿನಿಂದ ಬರುವ ಮೋಡಗಳನ್ನು ಕ್ಯಾಸ್ಕೇಡ್ ಪರ್ವತಸಾಲು ಪಡುವಣದಲ್ಲೇ ಹಿಂಡಿಕೊಂಡು ಬರಿಗಾಳಿಯನ್ನು ಈಚೆಗೆ ಬಿಡುತ್ತದೆ. ಈ ಮಳೆನೆರಳಿನಲ್ಲಿ ಇರುವುದು ಹಾರ್ನಿ ಕೌಂಟಿ. ವಿಸ್ತಾರ ಸುಮಾರು 26,000 ಚದರ ಕಿಲೋಮೀಟರ್, ಜನ ಏಳೂವರೆ ಸಾವಿರದ ಆಸುಪಾಸು. ಸಮುದ್ರಮಟ್ಟದಿಂದ 1,200 ಮೀಟರ್ ಮೇಲಿನ ಬಯಲು. ಚಳಿಗಾಲವಿಡೀ ಹಿಮ, ಬೇಸಿಗೆಯ ಹಗಲು ಉರಿಬಿಸಿಲು. ಕಣ್ಣು ಹಾಯುವಷ್ಟೂ ದೂರ ಬೂದುಹಸಿರಿನ ಸೇಜ್‌ಬ್ರಷ್ ಪೊದೆ. ಎಲೆ ಹೊಸಕಿದರೆ ಮೂಗಿಗೆ ಕರ್ಪೂರದ ಘಾಟು.

ಈ ಒಣಸೀಮೆಯಲ್ಲಿ ಸಾವಿರಾರು ಎಕರೆಯ ರ‍್ಯಾಂಚ್‌ಗಳಿವೆ. ದನ ಸಾಕಣೆಗೆಂದು ಕಟ್ಟಿದ ಇವುಗಳಲ್ಲಿ ಕೆಲವು ಈಗ ಬೇಟೆಗೆ, ವಿಹಾರಕ್ಕೆ ಪ್ರಶಸ್ತವೆಂಬ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತವೆ. ಜಾಹೀರಾತಿನಲ್ಲಿ ಮರದ ಮನೆ, ಸಂಜೆಗೆಂಪು, ಕವಲುಕೊಂಬಿನ ಜಿಂಕೆ. ಪಳಗಿದ ಗಿರಾಕಿ ಚಿತ್ರಗಳನ್ನು ಪಕ್ಕಕ್ಕಿಟ್ಟು ನೀರಿನ ಹಕ್ಕು ಯಾವ ಇಸವಿಯದು ಎಂದು ಕೇಳುತ್ತಾನೆ.

ಅಲ್ಲಿ ನೀರಿಗೆ ಹಿರಿತನದ ನ್ಯಾಯ. ಹೊಳೆಯ ನೀರನ್ನು ಮೊದಲು ತಿರುಗಿಸಿಕೊಂಡವನಿಗೆ ಮೊದಲ ಪಾಲು. 1880ರ ಹಕ್ಕಿನವನ ಹುಲ್ಲುಗಾವಲು ತೋಯುವ ತನಕ 1920ರ ಹಕ್ಕಿನವನು ತೂಬು ಮುಚ್ಚಿಕೊಂಡು ಕೂರಬೇಕು, ಅವನ ಜಮೀನು ಹೊಳೆಯ ಮೇಲುಗಡೆ ಇದ್ದರೂ ಅಷ್ಟೇ. ಸತತ ಐದು ವರ್ಷ ನೀರು ಬಳಸದೆ ಬಿಟ್ಟರೆ ಹಕ್ಕೇ ಕೈತಪ್ಪಬಹುದು. ಬೇಟೆಯ ಹುಚ್ಚಿಗೆ ರ‍್ಯಾಂಚ್ ಕೊಂಡ ಪಟ್ಟಣದ ಶ್ರೀಮಂತರೂ ಹುಲ್ಲು ಬೆಳೆಸಲು ಆಳಿಡುವುದಕ್ಕೆ ಇದೂ ಒಂದು ಕಾರಣ.

ಇನ್ನು ಎಕರೆಯ ಲೆಕ್ಕ. ಕೌಂಟಿಯ ಮುಕ್ಕಾಲು ಪಾಲು ನೆಲ ಕೇಂದ್ರ ಸರ್ಕಾರದ್ದು. 1934ರ ಟೇಲರ್ ಮೇವು ಕಾಯ್ದೆಯ ಪ್ರಕಾರ ರ‍್ಯಾಂಚಿನ ದನಗಳಿಗೆ ಆ ನೆಲದಲ್ಲಿ ಮೇಯಲು ಪರವಾನಗಿ ಸಿಗುತ್ತದೆ. ಒಂದು ಹಸು ತನ್ನ ಕರುವಿನೊಡನೆ ಒಂದು ತಿಂಗಳು ಮೇಯುವಷ್ಟು ಮೇವು ಅಲ್ಲಿನ ಅಳತೆ. ಅದಕ್ಕೆ ಬಹುಕಾಲ ತೆತ್ತದ್ದು ಬರೀ 1.35 ಡಾಲರ್. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ ಅಂಟಿಕೊಂಡು ಬರುವಂತೆ, ಈ ಪರವಾನಗಿಯೂ ರ‍್ಯಾಂಚಿಗೆ ಅಂಟಿಕೊಂಡಿರುತ್ತದೆ. ಕ್ರಯಪತ್ರದಲ್ಲಿ ಕಾಣುವುದು ಹೊಳೆಯಂಚಿನ ಸಣ್ಣ ತುಂಡು, ಅನುಭೋಗ ಮಾತ್ರ ಅದರ ಹಲವು ಪಟ್ಟು.

ಈ ಗುಟ್ಟು ಪೀಟರ್ ಫ್ರೆಂಚ್ ಎಂಬಾತನಿಗೆ ಕಾಯ್ದೆಗಿಂತ ಬಹಳ ಮೊದಲೇ ಹೊಳೆದಿತ್ತು. 1872ರಲ್ಲಿ ಕ್ಯಾಲಿಫೋರ್ನಿಯದಿಂದ 1,200 ದನ ಹೊಡೆದುಕೊಂಡು, ಮೆಕ್ಸಿಕನ್ ಸವಾರರೊಡನೆ ಇಲ್ಲಿಗೆ ಬಂದ. ಸ್ಟೀನ್ಸ್ ಬೆಟ್ಟದ ಹಿಮ ಕರಗಿ ಹರಿಯುವ ಬ್ಲಿಟ್ಜನ್ ಹೊಳೆಯ ಕಣಿವೆಯಲ್ಲಿ ಬೀಡುಬಿಟ್ಟ. ಹೊಳೆಯಂಚು ಹಿಡಿದವನಿಗೆ ಸುತ್ತಲ ಬಯಲು ತಾನಾಗಿ ದಕ್ಕುತ್ತದೆ, ನೀರಿಲ್ಲದೆ ಬೇರೆ ಯಾರ ದನವೂ ಅಲ್ಲಿ ಬದುಕದು. ಅದು ಪೈಯೂಟ್ ಮೂಲನಿವಾಸಿಗಳ ನೆಲ. 1878ರ ಯುದ್ಧದ ನಂತರ, ಕಡುಚಳಿಯ ಜನವರಿಯಲ್ಲಿ, ಅವರನ್ನು ವಾಷಿಂಗ್ಟನ್ ಸೀಮೆಯ ಯಾಕಿಮಾಗೆ ನಡೆಸಿಕೊಂಡು ಹೋದರು. ರ‍್ಯಾಂಚಿನ ಕಥೆ ಹೇಳುವವರು ಈ ಭಾಗವನ್ನು ಅವಸರದಲ್ಲಿ ದಾಟಿಬಿಡುವುದುಂಟು. ಸಣ್ಣ ಹಿಡುವಳಿದಾರರ ಜೊತೆಗಿನ ಗಡಿಜಗಳದಲ್ಲಿ ಫ್ರೆಂಚ್ 1897ರ ಡಿಸೆಂಬರ್ 26ರಂದು ಗುಂಡೇಟಿಗೆ ಸತ್ತ. ಕೊಂದವನನ್ನು ಜ್ಯೂರಿ ಖುಲಾಸೆ ಮಾಡಿತು.

ಅವನ ದುಂಡುಕೊಟ್ಟಿಗೆ ಇನ್ನೂ ನಿಂತಿದೆ. ಸುಮಾರು ಮೂವತ್ತು ಮೀಟರ್ ಅಡ್ಡಳತೆ, ನಡುವೆ ಜೂನಿಪರ್ ಮರದ ಇಡೀ ಕಾಂಡಗಳ ಕಂಬ, ಒಳಗೊಂದು ಕಲ್ಲಿನ ಸುತ್ತುಗೋಡೆ, ಗೋಡೆಯ ಹೊರಗೆ ಕುದುರೆ ಓಡಲು ಸುತ್ತುದಾರಿ. ಹೊರಗೆ ಹಿಮ ಸುರಿಯುವಾಗ ಕಾಡುಕುದುರೆಗಳನ್ನು ಪಳಗಿಸುತ್ತಿದ್ದದ್ದು ಇಲ್ಲಿ. ಅವನ ಮುಖ್ಯ ರ‍್ಯಾಂಚನ್ನು ಸರ್ಕಾರ 1935ರಲ್ಲಿ ಕೊಂಡು ಮಾಲ್ಯೂರ್ ವನ್ಯಧಾಮಕ್ಕೆ ಸೇರಿಸಿತು. ಧಾಮ ಹುಟ್ಟಿದ್ದು 1908ರಲ್ಲಿ, ಹೆಂಗಸರ ಟೋಪಿಗೆ ಗರಿ ಬೇಕೆಂದು ಬೆಳ್ಳಕ್ಕಿಗಳನ್ನು ಕೊಂದು ಮುಗಿಸುತ್ತಿದ್ದ ಕಾಲದಲ್ಲಿ.

ಬೇಟೆಗೆ ಬರೋಣ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೆಳೆದ ನಮಗೆ ಇದು ಮುಜುಗರದ ಸಂಗತಿ, ನನಗಂತೂ ಹೌದು. ಅಲ್ಲಿನ ಕಟ್ಟಳೆ ಮಾತ್ರ ಸಡಿಲವೇನಲ್ಲ. ಜಮೀನು ಯಾರದಾದರೂ ಅದರ ಮೇಲೆ ಓಡುವ ಪ್ರಾಣಿ ರಾಜ್ಯದ್ದು. ಮ್ಯೂಲ್ ಜಿಂಕೆಗೋ ಚಿಗರೆಯಂಥ ಪ್ರಾಂಗ್‌ಹಾರ್ನ್‌ಗೋ ಚೀಟಿ ಎತ್ತಿ ಪರವಾನಗಿ ಕೊಡುತ್ತಾರೆ. ಭೂಮಾಲೀಕರಿಗೆ ಬೇರೆಯಾಗಿ ಒಂದಿಷ್ಟು ಮೀಸಲು. ರ‍್ಯಾಂಚಿನ ಬೆಲೆ ಏರುವುದಕ್ಕೆ ಆ ಮೀಸಲೂ ಒಂದು ಕಾರಣ. ಪ್ರಾಂಗ್‌ಹಾರ್ನ್ ಗಾಳಿಯಂತೆ ಓಡುತ್ತದೆ, ಆದರೆ ಬೇಲಿ ಹಾರಲು ಹಿಂಜರಿಯುತ್ತದೆ. ತಲೆ ತಗ್ಗಿಸಿ ಕೆಳಗಿನ ತಂತಿಯಡಿ ನುಸುಳುವುದೇ ಅದರ ರೂಢಿ. ಹಾಗಾಗಿ ಬಲ್ಲ ರ‍್ಯಾಂಚರ್ ಕೆಳತಂತಿಯನ್ನು ಮುಳ್ಳಿಲ್ಲದ್ದು ಹಾಕಿ, ನೆಲದಿಂದ ಮೊಳದಷ್ಟು ಎತ್ತರಕ್ಕೆ ಬಿಗಿಯುತ್ತಾನೆ. ಮುಳ್ಳುತಂತಿಯಾದರೆ ಬೆನ್ನ ಕೂದಲು ಕಿತ್ತು ಬರುತ್ತದೆ.

ಹಕ್ಕಿಬೇಟೆಯವರ ಮೋಹವೆಲ್ಲ ಚಕೋರದ ಮೇಲೆ. ಬೆಳದಿಂಗಳು ಕುಡಿದು ಬದುಕುತ್ತದೆ ಎಂದು ನಮ್ಮ ಕವಿಗಳು ನಂಬಿಸಿದ ಆ ಹಕ್ಕಿಯೇ! ಬೇಟೆಗೆಂದು 1893ರಲ್ಲಿ ಕರಾಚಿಯಿಂದ ಇಲಿನಾಯ್‌ಗೆ ತಂದದ್ದು ಮೊದಲು. ಒರೆಗಾನ್‌ನ ಬಂಡೆಗುಡ್ಡಗಳಲ್ಲಿ ಬಿಟ್ಟದ್ದು 1950ರ ದಶಕದಲ್ಲಿ. ಅಲ್ಲಿ ಅದು ತಿನ್ನುವುದು ಯುರೇಷ್ಯದಿಂದಲೇ ಬಂದು ಹಬ್ಬಿದ ಚೀಟ್‌ಗ್ರಾಸ್ ಕಳೆಯನ್ನು. ಬೆನ್ನಟ್ಟಿದರೆ ಗುಡ್ಡದ ಮೇಲಕ್ಕೆ ಓಡುತ್ತದೆ, ಬೇಟೆಗಾರ ಏದುಸಿರು ಬಿಡುತ್ತ ನೆತ್ತಿ ಸೇರುವಷ್ಟರಲ್ಲಿ ಕಣಿವೆಗೆ ಹಾರಿಬಿಡುತ್ತದೆ.

ಎಲ್ಲಕ್ಕಿಂತ ದುಬಾರಿ ಜಗಳ ಗಡಿಮೂಲೆಯದು, ಅದು ನಡೆದದ್ದು ಬೇರೆ ರಾಜ್ಯದಲ್ಲಿ. ವಯೋಮಿಂಗ್‌ನ ಹಲವೆಡೆ ರೈಲ್ವೆಗೆ ಕೊಟ್ಟ ಹಳೆಯ ದತ್ತಿಯಿಂದಾಗಿ ಖಾಸಗಿ ಮತ್ತು ಸರ್ಕಾರಿ ನೆಲ ಚದುರಂಗದ ಮನೆಗಳಂತೆ ಹಂಚಿಹೋಗಿವೆ. 2021ರಲ್ಲಿ ಮಿಸ್ಸೌರಿಯ ನಾಲ್ವರು ಬೇಟೆಗಾರರು ಒಂದು ಸರ್ಕಾರಿ ಮನೆಯಿಂದ ಇನ್ನೊಂದಕ್ಕೆ, ಮೂಲೆಯಲ್ಲಿ ಏಣಿಯಿಟ್ಟು, ಖಾಸಗಿ ಮಣ್ಣು ತುಳಿಯದೆ ದಾಟಿದರು. ತನ್ನ ನೆಲದ ಮೇಲಿನ ಗಾಳಿಯಲ್ಲಿ ಹಾದುಹೋದರೆಂದು ಮಾಲೀಕ ದಾವೆ ಹೂಡಿದ. ಆಸ್ತಿಯ ಬೆಲೆ 70 ಲಕ್ಷ ಡಾಲರಿಗೂ ಮೀರಿ ಕುಸಿಯುತ್ತದೆ ಎಂಬುದು ಅವನ ಅಳಲು. ಅಂದರೆ ಅವನು ಇಷ್ಟುದಿನ ಸರ್ಕಾರಿ ನೆಲದ ಏಕಾಂತಕ್ಕೂ ಬೆಲೆ ಕಟ್ಟಿಕೊಂಡಿದ್ದ. 2025ರಲ್ಲಿ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ನಿಂತಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ತೀರ್ಪಿನ ವ್ಯಾಪ್ತಿ ಆರು ರಾಜ್ಯಗಳಿಗೆ. ಒರೆಗಾನ್ ಅದರಲ್ಲಿ ಸೇರಿಲ್ಲ.