ಚಪ್ಪಲಿ ಹೇಳಿದ ನಡಿಗೆ

ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ ಶುರುವಾದಾಗಿನಿಂದ ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ದಾವಣಗೆರೆಯೇ. ಲಕ್ವ ಹೊಡೆದು ಮೂರು ತಿಂಗಳಾಗಿದ್ದ ದೊಡ್ಡಪ್ಪನನ್ನು ನಂದಿಗುಡಿಯಿಂದ ಅಲ್ಲಿಗೇ ಕರೆದುಕೊಂಡು ಹೋದೆವು. ಫಿಸಿಯೋಥೆರಪಿಸ್ಟ್ ಮೊದಲು ಎತ್ತಿ ನೋಡಿದ್ದು ಅವರ ಎಡಗಾಲಿನ ಚಪ್ಪಲಿಯನ್ನು. ಹೆಬ್ಬೆರಳಿನ ಕಡೆ ತೆಳ್ಳಗೆ ಸವೆದಿತ್ತು. ‘ಅಜ್ಜಾರೆ, ಪಾದ ಮೇಲೆ ಏಳ್ತಿಲ್ಲ, ನೆಲಕ್ಕೆ ಎಳೀತೈತಿ ಅಲ್ರೀ?’ ಅಂದರು.

ನಡಿಗೆ ಅಳೆಯುವುದೂ ಒಂದು ವಿದ್ಯೆ ಅಂತ ನನಗೆ ಗೊತ್ತಾದದ್ದು ಆವತ್ತು. ನೆಲದ ಮೇಲೆ ಟೇಪು ಅಂಟಿಸಿ 14 ಮೀಟರಿನ ದಾರಿ ಮಾಡಿದ್ದರು. ಮೊದಲಿನ ಎರಡು, ಕೊನೆಯ ಎರಡು ಮೀಟರು ಲೆಕ್ಕಕ್ಕಿಲ್ಲ. ಹೊರಡುವಾಗಿನ ತಡವರಿಕೆ, ನಿಲ್ಲುವಾಗಿನ ನಿಧಾನ ಅಲ್ಲೇ ಕಳೆಯುತ್ತವೆ. ನಡುವಿನ 10 ಮೀಟರಿಗಷ್ಟೇ ಸ್ಟಾಪ್‌ವಾಚ್. ನಾನು ಕೈ ಹಿಡಿಯಲು ಹೋದೆ, ತಡೆದರು. ಅವರೇ ಸೋತ ಕಾಲಿನ ಕಡೆ ಒಂದು ಹೆಜ್ಜೆ ಹಿಂದೆ ನಡೆದರು. ಮುಂದೆ ನಡೆದರೆ ರೋಗಿ ನಮ್ಮ ವೇಗಕ್ಕೆ ಕಾಲು ಹಾಕುತ್ತಾನಂತೆ.

28 ಸೆಕೆಂಡು.

ಈ ಅಂಕಿಗೆ ಅರ್ಥ ಕೊಟ್ಟವರು ಅಮೆರಿಕದ ಜಾಕ್ವೆಲಿನ್ ಪೆರಿ. ಮೊದಲು ಫಿಸಿಯೋಥೆರಪಿಸ್ಟ್ ಆಗಿದ್ದು ಆಮೇಲೆ ಮೂಳೆ ಶಸ್ತ್ರವೈದ್ಯೆಯಾದವರು. 1995ರಲ್ಲಿ ಅವರೂ ಸಂಗಡಿಗರೂ ಹಾಕಿಕೊಟ್ಟ ಗೆರೆಯಂತೆ, ಹತ್ತು ಮೀಟರಿಗೆ 25 ಸೆಕೆಂಡು ದಾಟಿದರೆ ಅದು ಮನೆಯೊಳಗಿನ ನಡಿಗೆ. ಹನ್ನೆರಡೂವರೆ ಸೆಕೆಂಡಿನೊಳಗೆ ಮುಗಿಸಿದರೆ ಊರಲ್ಲಿ ಧಾರಾಳವಾಗಿ ಓಡಾಡಬಹುದು. ನಡುವಿನವರದು ಅಕ್ಕಪಕ್ಕದ ಓಡಾಟ.

ಕುರ್ಚಿಯಿಂದೆದ್ದು ಮೂರು ಮೀಟರು ಹೋಗಿ ತಿರುಗಿ ಬಂದು ಕೂರುವ ಪರೀಕ್ಷೆಯೂ ಇದೆ. ನೇರ ನಡೆದ ದೊಡ್ಡಪ್ಪ ತಿರುಗುವ ಜಾಗದಲ್ಲಿ ತತ್ತರಿಸಿದರು. ಆರು ನಿಮಿಷ ನಡೆಸಿ ದಮ್ಮು ನೋಡುವುದು ಇನ್ನೊಂದು.

ನನ್ನ ಮನಸ್ಸಿಗೆ ಹಿಡಿಸಿದ್ದು ಸೊನ್ನೆಯಿಂದ ಐದರವರೆಗಿನ ಒಂದು ಅಳತೆ. ಕೋಲು ಹಿಡಿದರೋ ಬಿಟ್ಟರೋ ಅದು ಕೇಳುವುದಿಲ್ಲ. ಇನ್ನೊಬ್ಬರ ಆಸರೆ ಎಷ್ಟು ಬೇಕು ಅಂತ ಕೇಳುತ್ತದೆ. ಸೊನ್ನೆ ಅಂದರೆ ನಡೆಯಲಾರರು. ಮೂರು ಅಂದರೆ ಮುಟ್ಟಬೇಕಿಲ್ಲ, ಪಕ್ಕದಲ್ಲಿ ಒಬ್ಬರು ಇರಬೇಕು. ನಾಲ್ಕಕ್ಕೆ ಸಮನೆಲದಲ್ಲಿ ಒಬ್ಬರೇ ನಡೆಯುತ್ತಾರೆ. ಮೆಟ್ಟಿಲು, ಇಳಿಜಾರು, ಏರುತಗ್ಗು ಎಲ್ಲದರ ಮೇಲೂ ಒಬ್ಬರೇ ಹೋದರೆ ಐದು. ಭದ್ರಾ ನಾಲೆಯ ನೀರು ಬಿಟ್ಟಾಗ ಕೆಸರಾಗಿ ಜಾರುವ ನಮ್ಮ ಗದ್ದೆ ಬದುಗಳು ಆ ಐದರ ಪಾಲಿನವು. ಆಸ್ಪತ್ರೆಯ ನುಣುಪು ಟೈಲ್ಸ್ ಮೇಲೆ ಚೆನ್ನಾಗಿ ನಡೆದವರೂ ಮನೆಗೆ ಬಂದು ಬೀಳುವುದು ಇದಕ್ಕೇ. ಫಿಸಿಯೋಥೆರಪಿಸ್ಟ್ ನಮ್ಮ ಮನೆಯ ಹೊಸ್ತಿಲ ಎತ್ತರ, ಬಚ್ಚಲಿನ ದಾರಿ ಎಲ್ಲವನ್ನೂ ಕೇಳಿ ಬರೆದುಕೊಂಡರು. ಸ್ಟಾಪ್‌ವಾಚಿಗಿಂತ ಆ ಪ್ರಶ್ನೆಗಳೇ ದೊಡ್ಡವು ಅಂತ ನನಗನ್ನಿಸಿತು.

ಆರು ವಾರದ ಮೇಲೆ ಮತ್ತೆ ಅದೇ ಹತ್ತು ಮೀಟರು, ಅದೇ ಕೋಲು, ಅದೇ ಚಪ್ಪಲಿ. ಬೇರೆಯಾದರೆ ಹೋಲಿಕೆ ತಪ್ಪುತ್ತದೆ. 21 ಸೆಕೆಂಡು.

‘ಗದ್ದೆಗೆ ಹೋಗ್‌ಬೋದೇನಮ್ಮಾ?’ ದೊಡ್ಡಪ್ಪ ಕೇಳಿದರು.

‘ಗುಡಿತನಕ ಹೋಗಿ ಬರ್ರಿ, ಜೊತಿಗೊಬ್ರು ಇರ್ಲಿ. ಬದಿನ ಮಾತು ಮುಂದಿನ್ ತಿಂಗ್ಳು ನೋಡೋಣ್ರಿ ಅಜ್ಜಾರೆ’ ಅಂದು ಆಕೆ ಚೀಟಿಯ ಮೇಲೆ ಮೂರು ಅಂತ ಬರೆದರು.