ಬಿಳಿಯ ಮಣ್ಣಿನ ಮಾಳಿಗೆ

ಪುಣೆ ಜಿಲ್ಲೆಯ ಆಗ್ನೇಯ ಅಂಚಿನಲ್ಲಿ, ಭೀಮಾ ನೀರಾ ನದಿಗಳ ನಡುವೆ, ಇಂದಾಪುರ ತಾಲ್ಲೂಕು ಇದೆ. ಇಲ್ಲಿಯ ಹಳ್ಳಿಗಳಲ್ಲಿ ಅಳಿದುಳಿದಿರುವ ಹಳೆಯ ಮನೆಗಳಿಗೆ ಶಿಲ್ಪಿಯ ಹೆಸರಿಲ್ಲ. ಹೊರಗಿನ ಬೆಡಗಂತೂ ಇಲ್ಲವೇ ಇಲ್ಲ. ಆದರೂ ವಿದ್ಯಾರ್ಥಿಗಳು ನಿಂತು ನೋಡತಕ್ಕ ಕಟ್ಟಡಗಳಿವು.

ಮಳೆ ಧಾರಾಳವಾಗಿ ಸುರಿಯುವ ಕೊಂಕಣದಲ್ಲಿ ಇಳಿಜಾರಾದ ಮಾಡು ಬೇಕು. ಸಹ್ಯಾದ್ರಿಯ ಮರೆಯಲ್ಲಿರುವ ಈ ಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಪ್ರಖರ. ಆದುದರಿಂದ ಮರದ ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತೆ, ಅದರ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ದಪ್ಪನೆಯ ಮಣ್ಣು. ಮರಾಠಿಯಲ್ಲಿ ಇದನ್ನು ‘ಧಾಬ್ಯಾಚೆ ಘರ’ ಎನ್ನುವರು. ವಿಜಯಪುರ, ಕಲಬುರಗಿಗಳ ಕಡೆ ಇದೇ ಮೇಲ್ಮುದ್ದೆಯ ಮನೆ. ಕಂಬಗಳ ನಡುವಣ ಎಡೆಗೆ ನಾವು ಅಂಕಣವೆಂದರೆ ಇವರು ಖಣವೆನ್ನುತ್ತಾರೆ. ಭೀಮೆಯು ಮುಂದೆ ನಮ್ಮ ನಾಡಿಗೇ ಹರಿಯುವಳಲ್ಲವೆ? ಕಟ್ಟುವ ವಿದ್ಯೆಯೂ ಗಡಿಯನ್ನು ಲೆಕ್ಕಿಸಿಲ್ಲ.

ಎಲ್ಲ ಮಣ್ಣೂ ಮಾಳಿಗೆಗೆ ಒದಗದು. ಹೊಲದ ಎರೆಮಣ್ಣು ನೀರುಂಡರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಿರುಕಿನಲ್ಲಿ ಮನೆ ಸೋರುತ್ತದೆ. ಹಳೆಯ ಊರಿನ ನೆಲದಲ್ಲಿ ದೊರೆಯುವ ಬಿಳಿಮಣ್ಣು ಹಾಗಲ್ಲ. ಅದರಲ್ಲಿ ತಲೆಮಾರುಗಳ ಒಲೆಯ ಬೂದಿ, ಸುಣ್ಣ, ಕುಸಿದ ಗೋಡೆಗಳ ಪುಡಿ ಎಲ್ಲವೂ ಬೆರೆತಿರುತ್ತವೆ. ಮರಾಠಿಯಲ್ಲಿ ಊರಿನ ನೆಲಕ್ಕೆ ‘ಪಾಂಢರಿ’, ಹೊಲಕ್ಕೆ ‘ಕಾಳಿ’ ಎಂದೇ ಹೆಸರು. ಬಿಳಿಯದು, ಕರಿಯದು ಎಂದರ್ಥ.

ದಪ್ಪನೆಯ ಮಣ್ಣು ಕಾವನ್ನು ಮೆಲ್ಲಮೆಲ್ಲನೆ ಹೀರುವುದರಿಂದ ನಡುಹಗಲಿನ ಉರಿ ಒಳಗನ್ನು ಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತದೆ. ತಗಡಿನ ಕೆಳಗೆ ಏಪ್ರಿಲ್ ತಿಂಗಳು ಹೇಗಿರುವುದೆಂಬುದನ್ನು ಚಾಳುಗಳಲ್ಲಿ ಬೆಳೆದ ನಿಮಗೆ ನಾನು ಹೇಳಬೇಕಾಗಿಲ್ಲ.

1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಭೀಮಾತೀರದ ಹಲವು ಹಳ್ಳಿಗಳು ಮುಳುಗಿದವು. ಜನರು ಬೇರೆಡೆ ಮನೆ ಕಟ್ಟಿಕೊಂಡರು. ಆದರೆ ಹೊಸ ನೆಲೆಯಲ್ಲಿ ಹಳೆಯ ಊರಿನ ಬಿಳಿಮಣ್ಣು ಎಲ್ಲಿಂದ ಬರಬೇಕು?

ಹೊಗಳುವ ಭರದಲ್ಲಿ ಇದರ ಕೇಡನ್ನು ಮುಚ್ಚಿಡಲಾಗದು. 1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಇಂಥ ಮನೆಗಳಡಿಯಲ್ಲಿಯೇ ಸಾವಿರಾರು ಜನ ಮಡಿದರು. ಅನೇಕ ಕಡೆ ಮರದ ಕಂಬ ತೊಲೆಗಳು ನಿಂತೇ ಇದ್ದವು; ಬಿದ್ದುದು ಗೋಡೆ. ಉರುಟು ಕಲ್ಲುಗಳನ್ನು ಬರಿಯ ಕೆಸರಿನಲ್ಲಿ ಪೇರಿಸಿದ್ದ ಆ ಗೋಡೆಗಳ ಒಳಮೈ ಹೊರಮೈಗಳನ್ನು ಹಿಡಿದಿಡುವ ಉದ್ದನೆಯ ಕಲ್ಲುಗಳಿರಲಿಲ್ಲ. ಸೋರಿದಾಗಲೆಲ್ಲ ಹಳೆಯದರ ಮೇಲೆಯೇ ಹೊಸಮಣ್ಣು ಹೇರಿದುದರಿಂದ ಮಾಳಿಗೆಯ ಭಾರವೂ ಬೆಳೆದಿತ್ತು. ಆ ಬಳಿಕ ಬಲ್ಲವರು ಸೂಚಿಸಿದ ಉಪಾಯವು ದುಬಾರಿಯದೇನಲ್ಲ: ಗೋಡೆಯ ದಪ್ಪಕ್ಕೆ ಸಮನಾದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡಲಾಗಿ ಇಡುವುದು, ಹಳೆಯ ಮಣ್ಣನ್ನು ಇಳಿಸಿ ತೆಳುವಾದ ಪದರವೊಂದನ್ನಷ್ಟೇ ಹರಡುವುದು.